ತೆಯೊಲಿಂದಾ ಮುಳ್ಳು ಹಾಕದ ದಿನಗಳು

ಇದು ನಡೆದದ್ದು ನಡೆದ ಹಾಗೇ. ಒಂದಕ್ಷರ ಸುಳ್ಳಿದ್ದರೆ ನನ್ನ ಜೋಲಿಯ ಹಗ್ಗ ನಡುಹೊಳೆಯಲ್ಲಿ ಕಿತ್ತುಹೋಗಲಿ, ನಾನಿಡುವ ಅನ್ನ ಸಾಯುವ ತನಕ ತಳ ಹಿಡಿಯಲಿ. ಬೇಕಾದರೆ ಸಾಂತಾ ಫಿಲೊಮೇನ ಲಾಂಚಿನ ಹಿಂಬದಿಯ ಕಂಬವನ್ನು ಕೇಳಿ. ಇಷ್ಟು ವರ್ಷ ಅದಕ್ಕೆ ಒರಗಿಕೊಂಡೇ ನಾನು ಕತೆ ಹೇಳಿದ್ದು. ಕಂಬಕ್ಕೆ ಬಾಯಿಲ್ಲ ಅನ್ನುತ್ತೀರಿ. ಇದ್ದಿದ್ದರೆ ಅದೂ ನನ್ನ ಪರವಾಗಿಯೇ ಹೇಳುತ್ತಿತ್ತು.

ನಾನು ನೆಮೆಸಿಯೊ ತಪುಯೀಮ, ಆ ಲಾಂಚಿನ ಅಡುಗೆಯವನು. ಯೂರಿಮಾಗ್ವಾಸ್ ಬಿಟ್ಟ ಲಾಂಚು ಲಾಗೂನಾಸ್, ನೌತಾ ಊರುಗಳನ್ನು ದಾಟಿ ಇಕಿತೋಸ್ ಮುಟ್ಟುವ ತನಕ ಜನಕ್ಕೆ ಮಾಡಲು ಕೆಲಸವಿಲ್ಲ. ಮೇಲಿನ ಅಟ್ಟದಲ್ಲಿ ಜೋಲಿ ಕಟ್ಟಿಕೊಂಡು ಬಾವಲಿಗಳ ಹಾಗೆ ತೂಗುತ್ತಾರೆ, ಒಬ್ಬನ ಮೊಣಕೈ ಇನ್ನೊಬ್ಬನ ಪಕ್ಕೆಗೆ. ಮಧ್ಯಾಹ್ನ ಉಂಡ ಮೇಲೆ ಇಂಜಿನ್ನಿನ ಸದ್ದು ಹೊಟ್ಟೆಯೊಳಗೇ ಬಂದು ಕೂತ ಹಾಗಾಗುತ್ತದಲ್ಲ, ಆ ಹೊತ್ತು ನನ್ನದು. ಪಾತ್ರೆಗಳನ್ನು ಹಾಗೇ ಬಿಟ್ಟು ಮೇಲೆ ಬಂದು ಕಂಬಕ್ಕೆ ಒರಗಿ ಒಂದು ಸುಳ್ಳು ಬಿಡುತ್ತೇನೆ. ನನ್ನ ಅನ್ನಕ್ಕಾಗಿ ಆ ಲಾಂಚು ಹತ್ತಿದವರನ್ನು ನಾನು ಕಾಣೆ. ಆ ಹೊತ್ತಿಗಾಗಿ ಹತ್ತಿದವರು ಇದ್ದಾರೆ. ಒಡತಿ ಸೆನ್ಯೋರಾ ಎಡೆಲ್ಮಿರಾಗೂ ಅದು ಗೊತ್ತು. ಅದಕ್ಕೇ ಅವಳು ನನ್ನ ಸೀದ ಅನ್ನವನ್ನು ಸಹಿಸಿಕೊಂಡು ಬಂದದ್ದು.

ನಮ್ಮ ಹೊಳೆಯ ಲಾಂಚುಗಳಲ್ಲಿ ಒಂದು ಕಟ್ಟಳೆಯಿದೆ. ಒಬ್ಬ ಸುಳ್ಳು ಹೇಳುತ್ತಿದ್ದರೆ ಕೇಳುವವರಲ್ಲಿ ಒಬ್ಬರು ಮುಳ್ಳು ಹಾಕಬೇಕು. ಅಂದರೆ 'ಸುಳ್ಳು' ಅಂತ ಗಟ್ಟಿಯಾಗಿ ಹೇಳಿ, ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಒಂದು ಪ್ರಶ್ನೆ ಕೇಳಬೇಕು. ಮುಳ್ಳು ಬಿದ್ದ ಮೇಲೆ ಹೇಳುವವನು ಹಿಂದಕ್ಕೆ ಹೋಗುವ ಹಾಗಿಲ್ಲ. ಅದನ್ನು ನುಂಗಿ ಅದಕ್ಕಿಂತ ದೊಡ್ಡ ಸುಳ್ಳು ಹೇಳಬೇಕು. 'ಹೌದು, ತಪ್ಪಾಯ್ತು' ಅಂದನೋ, ಜೋಲಿ ಬಿಚ್ಚಿಕೊಂಡು ಕೆಳಗಿನ ಅಟ್ಟಕ್ಕೆ ಹೋಗಿ ಬಾಳೆಗೊನೆಗಳ ಮೇಲೆ ಮಲಗಬೇಕು, ಪ್ರಯಾಣ ಮುಗಿಯುವ ತನಕ. ಮುಳ್ಳು ಹಾಕಿದವರು ಸೋತರೆ ಅವರಿಗೂ ಅದೇ ಗೊನೆ, ಅದೇ ಇರುವೆ.

ನನಗೆ ಮುಳ್ಳು ಹಾಕುತ್ತಿದ್ದವಳು ತೆಯೊಲಿಂದಾ ಅವಾನಾರಿ. ನೌತಾದವಳು. ಅನ್ನ, ಕೋಳಿ, ಮೊಟ್ಟೆ, ಒಂದೊಂದು ಆಲಿವ್ ಕಾಯಿ ಸೇರಿಸಿ ಬಿಹಾವೊ ಎಲೆಯಲ್ಲಿ ಗಂಟು ಕಟ್ಟಿ ಬೇಯಿಸಿದ ಹುವಾನೆಗಳ ಬುಟ್ಟಿ ಹೊತ್ತು ಲಾಂಚಿನಲ್ಲೇ ಮಾರುತ್ತಾ ಹೋಗಿ ಬರುವವಳು. ನನ್ನ ಅಡುಗೆ ತಿನ್ನಲಾರದವರೆಲ್ಲ ಅವಳ ಗಿರಾಕಿಗಳು. ಹಾಗಾಗಿ ಒಲೆಯ ಜಗಳ ಮೊದಲೇ ಇತ್ತು. ಮಾತಿನ ಜಗಳ ಅದರ ಮೇಲೆ ಹಾಕಿದ ಒಗ್ಗರಣೆ.

ಒಮ್ಮೆ ನಾನು, ನಮ್ಮಪ್ಪ ಕೆಸರಲ್ಲಿ ನೆಟ್ಟು ಬಂದ ಹುಟ್ಟು ಬೆಳಗಾಗುವುದರೊಳಗೆ ಚಿಗುರಿ ಮರವಾಗಿತ್ತು ಅಂತ ಹೇಳುತ್ತಿದ್ದೆ.

"ಸುಳ್ಳು," ಅಂದಳು ತೆಯೊಲಿಂದಾ, ಜೋಲಿಯಿಂದ ಒಂದು ಕಾಲು ಇಳಿಬಿಟ್ಟು. "ನಿಮ್ಮಪ್ಪಂಗೆ ದೋಣಿನೇ ಇರ್ಲಿಲ್ಲ ಕಣೋ. ನಮ್ಮೂರಿಗೆಲ್ಲ ಗೊತ್ತು. ದೋಣಿ ಇಲ್ದೋನಿಗೆ ಹುಟ್ಟು ಎಲ್ಲಿಂದ ಬಂತು?"

"ದೋಣಿ ಇರ್ಲಿಲ್ಲ ಅಂತ್ಲೇ ಅಲ್ವೇನೇ ಅದು ಚಿಗುರಿದ್ದು. ಮಾಡೋಕೆ ಕೆಲಸ ಇಲ್ದೆ ನಿಂತು ನಿಂತು ಬೇಜಾರಾಗಿ ಎಲೆ ಬಿಡ್ತು."

ಜನ ಬಿದ್ದು ಬಿದ್ದು ನಕ್ಕರು. ಅವಳು ಗೊನೆಯ ಮೇಲೆ ಮಲಗಿದಳು. ಆ ಬೇಜಾರಿನ ಮಾತು ನನ್ನ ತಲೆಯಲ್ಲಿ ಮೊದಲು ಇರಲಿಲ್ಲ. ಅವಳು ಚುಚ್ಚಿದ ಜಾಗದಿಂದ ಬಂತು. ಆದರೆ ಆಗ ನಾನು ಹಾಗೆಲ್ಲ ಯೋಚಿಸುವವನಲ್ಲ. ನನಗೆ ಬುದ್ಧಿ ಜಾಸ್ತಿ, ಅವಳಿಗೆ ಹೊಟ್ಟೆಕಿಚ್ಚು ಜಾಸ್ತಿ ಅಂದುಕೊಂಡಿದ್ದೆ.

ಆಮೇಲೆ ಅವಳು ಹೊಳೆಯಲ್ಲಿ ಮುಳುಗಿ ಎದ್ದಳು. ಅಂದರೆ ನೌತಾಕ್ಕೆ ಹೊಸದಾಗಿ ಬಂದ ಪಾದ್ರಿ ಅವಳಿಗೆ ದೀಕ್ಷೆ ಕೊಟ್ಟ. ಇನ್ನು ಮೇಲೆ ಯಾರನ್ನೂ ಸುಳ್ಳುಗಾರ ಅನ್ನುವುದಿಲ್ಲ ಅಂತ ಅವಳಿಂದ ಆಣೆ ಹಾಕಿಸಿಕೊಂಡ. ಹೊಳೆಯಲ್ಲಿ ಅಷ್ಟು ಪಾಪ ಮಾಡುವ ಜನ ಇದ್ದಾರೆ, ಅವನಿಗೆ ಸಿಕ್ಕಿದ್ದು ಇದೊಂದೇ ಪಾಪ. ಮುಂದಿನ ಸಲ ಲಾಂಚು ಹತ್ತಿದವಳ ತಲೆ ನುಣ್ಣಗೆ ಬಾಚಿತ್ತು. ಮುಖ ತೊಳೆದ ತಟ್ಟೆಯ ಹಾಗಿತ್ತು. ನಾನು ಕಂಬಕ್ಕೆ ಒರಗಿ, ಮೊಸಳೆಯೊಂದು ನನ್ನ ಹತ್ತಿರ ಹಲ್ಲುನೋವಿಗೆ ಔಷಧ ಕೇಳಿದ ಕತೆ ಶುರುಮಾಡಿದೆ. ಮುಳ್ಳು ಬೀಳುವ ಜಾಗಕ್ಕೆ ಬಂದು ಉಸಿರು ಹಿಡಿದು ನಿಂತೆ.

ತೆಯೊಲಿಂದಾ ಕಣ್ಣು ಮುಚ್ಚಿಕೊಂಡು ಅಂದಳು, "ದೇವರೇ ಬಲ್ಲ."

ಅಷ್ಟೇ. ಮೊಸಳೆ ಬಾಯಿ ತೆರೆದುಕೊಂಡು ಅಲ್ಲೇ ಉಳಿಯಿತು. ನಾನು ಹೇಗೋ ಎಳೆದು ಮುಗಿಸಿದೆ. ಯಾರೋ ಆಕಳಿಸಿದ ಸದ್ದು ಇಂಜಿನ್ನಿಗಿಂತ ಜೋರಾಗಿ ಕೇಳಿಸಿತು.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆ ಹಚ್ಚಿ ಮೇಲಕ್ಕೆ ಹೋಗುವುದು, ಮೇಲೆ ಹೋಗಿ ಯಾಕೆ ಬಂದೆ ಅಂತ ಕೆಳಗೆ ಬರುವುದು. ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ಸೌಟು ಹುಡುಕುವುದು. ಹೊಸ ಸುಳ್ಳೊಂದು ಶುರುವಾಗುತ್ತಿತ್ತು, ಅರ್ಧಕ್ಕೆ ಬಂದು ನಿಲ್ಲುತ್ತಿತ್ತು, ಮರಳುದಿಬ್ಬಕ್ಕೆ ಹತ್ತಿದ ಲಾಂಚಿನ ಹಾಗೆ. ಹಿಂದೆ ಮುಂದೆ ತಳ್ಳಿದರೂ ಅಲ್ಲಾಡುತ್ತಿರಲಿಲ್ಲ. ಹಳೆಯ ಕತೆಗಳನ್ನೇ ಹೇಳಿ ನೋಡಿದೆ. ಅವು ಹಳಸಿದ ಅನ್ನದ ವಾಸನೆ ಬಿಟ್ಟವು. ತೆಯೊಲಿಂದಾಳ ಮುಂದೆ ಹೋಗಿ, "ಒಂದೇ ಒಂದು ಮುಳ್ಳು ಹಾಕೇ, ಪಾದ್ರಿಗೆ ಗೊತ್ತಾಗಲ್ಲ," ಅಂತಲೂ ಕೇಳಿದೆ.

"ಪಾದ್ರಿಗೆ ಗೊತ್ತಾಗಲ್ಲ. ಮೇಲಿರೋನಿಗೆ ಗೊತ್ತಾಗುತ್ತೆ," ಅಂದಳು. "ನೀನೂ ಒಂದ್ಸಲ ಮುಳುಗಿ ಏಳಪ್ಪ ನೆಮೆಸಿಯೊ. ಮನಸ್ಸು ಹಗುರಾಗುತ್ತೆ. ಹಂಗೇ ಸ್ನಾನನೂ ಆಗುತ್ತೆ."

ಇದರ ಮೇಲೆ ಸೆನ್ಯೋರಾ ಎಡೆಲ್ಮಿರಾ ಲಾಂಚಿನ ತಾರಸಿಗೆ ಒಂದು ಬಿಳಿ ತಟ್ಟೆ ಕೂರಿಸಿದಳು. ಅದು ಆಕಾಶದಿಂದ ನೆಟ್‌ವರ್ಕ್ ಹಿಡಿಯುವ ತಟ್ಟೆ. ಹೊಳೆಯ ಮಧ್ಯದಲ್ಲೂ ಜನರ ಮೊಬೈಲುಗಳು ಕಣ್ಣು ಬಿಟ್ಟವು. ಅವಳ ಮೊಬೈಲಿನಲ್ಲಿ ಒಂದು ಯಂತ್ರದ ಬುದ್ಧಿ ಇತ್ತು. ಏನು ಕೇಳಿದರೂ ಹೇಳುತ್ತಿತ್ತು. ರೇಡಿಯೊದಲ್ಲಿ ವಾರ್ತೆ ಓದುವವರ ದನಿ, ಪಠ್ಯಪುಸ್ತಕದ ಮಾತು. ಲಾಂಚಿನವರು ಅದಕ್ಕೆ ಮೇಷ್ಟ್ರು ಅಂತ ಹೆಸರಿಟ್ಟರು. ಹವಾಮಾನ ಹೇಳಿತು, ಕೋಳಿಗೆ ಬಂದ ರೋಗಕ್ಕೆ ಮದ್ದು ಹೇಳಿತು. ಒಂದು ಮಧ್ಯಾಹ್ನ ಎಡೆಲ್ಮಿರಾ ಅದನ್ನು ದೊಡ್ಡ ಸ್ಪೀಕರಿಗೆ ಸಿಕ್ಕಿಸಿ ಕತೆ ಹೇಳಿಸಿದಳು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದವು. ಸುಳ್ಳು ಹೇಳಬಾರದಲ್ಲ, ದನಿ ಚೆನ್ನಾಗಿತ್ತು.

ಯೂರಿಮಾಗ್ವಾಸ್‌ನಲ್ಲಿ ಅಕ್ಕಿ ಮೂಟೆ ಏರಿಸುತ್ತಿದ್ದಾಗ ಎಡೆಲ್ಮಿರಾ ನನ್ನನ್ನು ಕರೆದಳು.

"ನೋಡು ನೆಮೆಸಿಯೊ, ಲಾಗೂನಾಸ್ ದಾಟಿದ್ಮೇಲೆ ಊಟದ ಹೊತ್ತಲ್ಲಿ ಮೇಷ್ಟ್ರು ಒಂದು ಹೇಳ್ಲಿ, ನೀನೊಂದು ಹೇಳು. ಜನಕ್ಕೆ ಯಾರದ್ದು ಹಿಡ್ಸುತ್ತೋ ಇನ್ಮೇಲೆ ಆ ಹೊತ್ತು ಅವರದ್ದು."

"ನಾನು ಸೋತ್ರೆ?"

"ನೌತಾದಲ್ಲಿ ಇಳ್ಕೊ. ಇಷ್ಟು ಕೆಟ್ಟದಾಗಿ ಅನ್ನ ಮಾಡೋರು ಇನ್ನೊಬ್ರು ಸಿಕ್ಕೇ ಸಿಕ್ತಾರೆ."

ಅವಳು ಕೆಟ್ಟವಳಲ್ಲ. ಜೋಲಿಗಳು ಖಾಲಿ ಬೀಳತೊಡಗಿದ್ದವು. ಆದರೆ ನನಗೆ ಆ ಕಂಬ ಬಿಟ್ಟರೆ ಬೆನ್ನು ಒರಗಿಸಲು ಬೇರೆ ಜಾಗವಿಲ್ಲ. ದಡದಲ್ಲಿ ನನ್ನನ್ನು ಕೇಳುವವರು ಯಾರಿದ್ದಾರೆ? ದಡದವರಿಗೆ ಕೆಲಸವಿರುತ್ತದೆ.

ಲಾಂಚು ಹೊರಟಿತು. ನನ್ನ ಹತ್ತಿರ ಇದ್ದದ್ದು ಕತೆಯ ಒಂದು ತುದಿ ಮಾತ್ರ. ಹೊಳೆಯ ನಡುವೆ ಒಂದು ದೊಡ್ಡ ಸುಳಿ, ಅದು ದೋಣಿಗಳನ್ನು ನುಂಗುತ್ತಿದೆ, ಒಂದು ದಿನ ಆ ಸುಳಿಯ ಬಾಯಿಗೆ ಏನೋ ಸಿಕ್ಕಿಕೊಂಡಿತು. ಏನು ಸಿಕ್ಕಿಕೊಂಡಿತು? ಗೊತ್ತಿಲ್ಲ. ಆನೆ ಅಂದುಕೊಂಡೆ, ನಮ್ಮಲ್ಲಿ ಆನೆಯಿಲ್ಲ. ಚರ್ಚಿನ ಗಂಟೆ ಅಂದುಕೊಂಡೆ, ಅದು ಇನ್ನೊಬ್ಬರ ಕತೆ ಕದ್ದ ಹಾಗಾಯಿತು. ಅಟ್ಟದ ಈ ತುದಿಯಿಂದ ಆ ತುದಿಗೆ ನಡೆದೆ. ಜೋಲಿಗಳಿಗೆ ತಲೆ ತಾಗಿಸಿ ಬೈಸಿಕೊಂಡೆ. ಕೊನೆಗೆ ನಾಚಿಕೆ ಬಿಟ್ಟು, ಎಡೆಲ್ಮಿರಾ ಚುಕ್ಕಾಣಿ ಹತ್ತಿರ ಹೋದ ಹೊತ್ತು ನೋಡಿ, ಮೇಷ್ಟ್ರನ್ನೇ ಕೈಗೆತ್ತಿಕೊಂಡು ಅಡುಗೆಮನೆಯ ಮೂಲೆಗೆ ಹೋದೆ. ಎದುರಾಳಿಯ ಹತ್ತಿರವೇ ಸಾಲ ಕೇಳಿದ ಹಾಗೆ. ಸುಳಿಯ ಕತೆ ಪಿಸುಗುಟ್ಟಿದೆ.

"ಎಂಥ ಸೊಗಸಾದ ಕಲ್ಪನೆ," ಅಂದಿತು ಮೇಷ್ಟ್ರು. "ಸುಳಿಯು ಮಾನವನ ದುರಾಸೆಯ ಸಂಕೇತವಾಗಬಹುದು. ಮುಂದುವರಿಸಲೇ?"

"ಹೊಗಳ್ಬೇಡಿ ಮೇಷ್ಟ್ರೇ. ಸುಳ್ಳು ಅನ್ನಿ. ಮುಳ್ಳು ಹಾಕಿ."

"ಖಂಡಿತವಾಗಿ. ಇದು ಉತ್ತಮ ವಿಚಾರ. ಸಾಮಾನ್ಯವಾಗಿ ನದಿಯ ಸುಳಿಗಳು ದೊಡ್ಡ ಲಾಂಚುಗಳನ್ನು ಸಂಪೂರ್ಣವಾಗಿ ನುಂಗುವಷ್ಟು ಬಲವಾಗಿರುವುದಿಲ್ಲ. ಆದರೂ ಜನಪದ ಕಲ್ಪನೆಯಾಗಿ ನಿಮ್ಮ ಕಥೆ ಅದ್ಭುತವಾಗಿದೆ."

"ನಿಮ್ಗೆ ಸಿಟ್ಟೇ ಬರಲ್ವಾ?"

"ನಿಮಗೆ ಬೇಸರವಾಗಿದ್ದರೆ ಕ್ಷಮಿಸಿ."

ನಾನು ಮೊಬೈಲನ್ನು ಈರುಳ್ಳಿ ಬುಟ್ಟಿಯ ಮೇಲಿಟ್ಟು ಅದನ್ನೇ ನೋಡಿದೆ. ಅದು ಮುಳ್ಳು ಹಾಕಿತ್ತು, ನಿಜ. ಆದರೆ ಅದು ಬಾಣಂತಿಗೆಂದು ಮುಳ್ಳು ಬಿಡಿಸಿದ ಮೀನಿನ ಹಾಗಿತ್ತು, ಎಲ್ಲೂ ಚುಚ್ಚಲಿಲ್ಲ. ಅದಕ್ಕೆ ನನ್ನಪ್ಪನ ದೋಣಿಯ ವಿಷಯ ಗೊತ್ತಿಲ್ಲ. ಗೊತ್ತಿದ್ದರೂ ಅದನ್ನು ಎತ್ತಿ ಆಡಿ ನನ್ನನ್ನು ಗೊನೆಯ ಮೇಲೆ ಮಲಗಿಸಬೇಕು ಅನ್ನುವ ಹಟ ಇಲ್ಲ. ಅದು ಎಲ್ಲಿ ಮಲಗುತ್ತದೆ, ಪಾಪ? ಆಗ ನನಗೆ ಹೊಳೆಯಿತು. ಇಷ್ಟು ವರ್ಷ ನಾನು ಹೇಳಿದ ಸುಳ್ಳುಗಳಲ್ಲಿ ಅರ್ಧ ತೆಯೊಲಿಂದಾಳವು. ಒಳ್ಳೆಯ ಅರ್ಧ.

ಲಾಗೂನಾಸ್ ದಾಟಿತು. ಜನ ಉಂಡರು. ಅಂದರೆ ಅವಳ ಹುವಾನೆ ಉಂಡರು. ಎಡೆಲ್ಮಿರಾ ಸ್ಪೀಕರನ್ನು ನನ್ನ ಕಂಬಕ್ಕೇ ಕಟ್ಟಿದಳು.

ಮೇಷ್ಟ್ರು ಹೇಳಿದ್ದು ಡಾಲ್ಫಿನ್ ಕತೆ. ನಮ್ಮ ಹೊಳೆಯ ಕೆಂಪು ಡಾಲ್ಫಿನ್ ಗಂಡಸಿನ ವೇಷದಲ್ಲಿ ಹಬ್ಬಕ್ಕೆ ಬರುವುದು, ತಲೆಯ ಮೇಲಿನ ತೂತು ಕಾಣದಿರಲೆಂದು ಟೋಪಿ ಹಾಕುವುದು, ಇದು ಎಲ್ಲರ ಅಜ್ಜಿಯೂ ಹೇಳಿದ್ದೇ. ಮೇಷ್ಟ್ರ ಡಾಲ್ಫಿನ್ ಒಬ್ಬಂಟಿ ಹುಡುಗಿಯ ಮನೆಗೆ ಹೋಗಿ, ಟೋಪಿ ತೆಗೆದು ಗೌರವದಿಂದ ನಮಸ್ಕರಿಸಿ, ಅವಳಿಗೆ ಹೊಳೆಯನ್ನು ಪ್ರೀತಿಸುವುದು ಕಲಿಸಿತು. ಕೊನೆಗೆ ಎಲ್ಲರೂ ಏನಾದರೊಂದು ಕಲಿತರು. ಕೆಲವರು ಚಪ್ಪಾಳೆ ತಟ್ಟಿದರು.

ಆಗ ದೋನ್ ಎವಾರಿಸ್ತೊ ಕೆಮ್ಮಿದ. ಅವನು ದನದ ವ್ಯಾಪಾರಿ, ಮುದುಕ, ಲಾಂಚಿನ ಹಳೇ ಜನ. ಕಟ್ಟಳೆ ತಪ್ಪಿಸುವವನಲ್ಲ.

"ಸುಳ್ಳು," ಅಂದ. "ಟೋಪಿ ತೆಗೆದ ಅಂತೀರಲ್ಲ ಮೇಷ್ಟ್ರೇ. ತಲೆ ಮೇಲಿನ ತೂತು ಆ ಹುಡುಗಿಗೆ ಕಾಣ್ಲಿಲ್ವೋ?"

"ನೀವು ಗಮನಿಸಿದ್ದು ಸರಿ," ಅಂದಿತು ಮೇಷ್ಟ್ರು. "ನನ್ನ ಕಥೆಯಲ್ಲಿ ದೋಷವಿದೆ. ಕ್ಷಮಿಸಿ. ತಿದ್ದಿ ಮತ್ತೆ ಹೇಳುತ್ತೇನೆ."

ಮತ್ತೆ ಹೇಳಿತು. ಈ ಸಲ ಡಾಲ್ಫಿನ್ ಟೋಪಿ ತೆಗೆಯಲೇ ಇಲ್ಲ.

"ಮನೆಯೊಳಗೆ ಟೋಪಿ ತೆಗೀದೇ ಇರೋ ಗಂಡಸಿಗೆ ಯಾವ ತಾಯಿ ಊಟ ಹಾಕ್ತಾಳೆ ಸ್ವಾಮಿ?"

"ಅದೂ ಸರಿ. ಕ್ಷಮಿಸಿ."

ಮೂರನೆಯದರಲ್ಲಿ ಹುಡುಗಿಗೆ ತಾಯಿಯೇ ಇರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನೆಗೆ ಬಂದ ನೆಂಟ, ನೀವು ತಿನ್ನಿ ನೀವು ತಿನ್ನಿ ಅಂತ ತನ್ನ ತಟ್ಟೆಯನ್ನೇ ನಿಮ್ಮ ಕಡೆಗೆ ತಳ್ಳಿದರೆ ಹೇಗಾಗುತ್ತದೋ ಹಾಗೆ.

"ಕಟ್ಟಳೆ ಪ್ರಕಾರ ಮೇಷ್ಟ್ರು ಗೊನೆ ಮೇಲೆ ಮಲಗ್ಬೇಕು," ಅಂದ ಎವಾರಿಸ್ತೊ.

"ಅದಕ್ಕೆ ಜೋಲಿನೇ ಇಲ್ಲ. ಬಿಚ್ಚೋದೇನು?" ಅಂದಳು ಎಡೆಲ್ಮಿರಾ. "ತಪ್ಪು ಅಂದ್ರೆ ತಪ್ಪು ಅಂತ ಒಪ್ಕೊಳ್ತು. ಮರ್ಯಾದೆ ಅಂದ್ರೆ ಇದು. ಈಗ ನೀನು ಹೇಳೋ ನೆಮೆಸಿಯೊ, ನಿಂದೂ ನೋಡೋಣ."

ನಾನು ಸ್ಪೀಕರಿನ ಪಕ್ಕ ಒರಗಿ ಶುರುಮಾಡಿದೆ. ಹೊಳೆಯ ಸುಳಿ ಬಂತು, ದೋಣಿಗಳನ್ನು ನುಂಗಿತು. ಏನು ಸಿಕ್ಕಿಕೊಂಡಿತು ಅನ್ನುವ ಜಾಗ ಹತ್ತಿರ ಬರುತ್ತಿತ್ತು, ತಲೆ ಬೋಗುಣಿಯ ಹಾಗೆ ಖಾಲಿ. ಎವಾರಿಸ್ತೊ ಹಲ್ಲುಕಡ್ಡಿಯಲ್ಲಿ ಹಲ್ಲು ಕೆರೆದುಕೊಳ್ಳುತ್ತಿದ್ದ. ತೆಯೊಲಿಂದಾ ಜೋಲಿಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಅವಳ ತುಟಿ 'ದೇವರೇ ಬಲ್ಲ' ಅನ್ನಲು ತಯಾರಾಗುತ್ತಿತ್ತು. ಅವಳ ಬುಟ್ಟಿಯಲ್ಲಿ ಒಂದೇ ಒಂದು ಹುವಾನೆ ಉಳಿದಿತ್ತು.

"ಆ ಸುಳಿ ಬಾಯಿಗೆ ಸಿಕ್ಕಿದ್ದು," ಅಂದೆ, "ನಮ್ಮ ತೆಯೊಲಿಂದಾಳ ಹುವಾನೆ. ಕೈ ಜಾರಿ ನೀರಿಗೆ ಬಿತ್ತು. ಸೀದಾ ಹೋಗಿ ಸೀಸೆಗೆ ಬಿರಡೆ ಹಾಕ್ದಂಗೆ ಸುಳಿ ಗಂಟಲಲ್ಲಿ ಕೂತ್ಕೊಂಡ್ತು. ಹೊಳೆ ನಿಂತೇ ಹೋಯ್ತು. ಅಷ್ಟು ಗಟ್ಟಿ."

ಜೋಲಿ ಅಲ್ಲಾಡಿತು. ಅವಳ ಒಂದು ಕಣ್ಣು ತೆರೆಯಿತು.

"ಬಾಳೆ ಎಲೇಲಿ ಕಟ್ಟಿದ್ಳು," ಅಂದೆ.

ನಮ್ಮ ಕಡೆ ಹುವಾನೆಯನ್ನು ಬಾಳೆ ಎಲೆಯಲ್ಲಿ ಕಟ್ಟುವವಳೆಂದರೆ ಮುಖ ತೊಳೆಯದೆ ಮದುವೆಗೆ ಹೋಗುವವಳು. ತೆಯೊಲಿಂದಾ ಎದ್ದು ಕೂತಳು. 'ದೇವರೇ' ಅಂದಳು, 'ಬಲ್ಲ' ಬರಲಿಲ್ಲ. ಕುತ್ತಿಗೆಯ ನರ ಉಬ್ಬಿತು.

"ಸುಳ್ಳು," ಅಂದಳು. ಹೊಳೆಯ ಆ ದಡದ ಹಕ್ಕಿಗಳು ಎದ್ದವು. "ನನ್ನಮ್ಮನಾಣೆ ನಾನು ಬಾಳೆ ಎಲೆ ಮುಟ್ಟಿಲ್ಲ. ಯಾವ ವರ್ಷ ಅದು, ಹೇಳು."

"ದೊಡ್ಡ ಬರ ಬಂದ ವರ್ಷ, ಎಲ್ರೂ ಹುವಾನೆ ಕಟ್ಟೋ ಸಾನ್ ಹುವಾನ್ ಹಬ್ಬದ ದಿನ."

"ಸಿಕ್ಕಾಕ್ಕೊಂಡೆ ಕಣೋ ಗೂಬೆ. ಆ ಹಬ್ಬದ ದಿನ ನಾನು ಲಾಗೂನಾಸಲ್ಲಿ ಹೆರ್ತಾ ಇದ್ದೆ. ನನ್ನ ಎರಡನೇ ಮಗಳು. ಇಡೀ ಊರು ಸಾಕ್ಷಿ. ಹೆರಿಗೆ ನೋವಲ್ಲಿರೋಳು ಹುವಾನೆ ಕಟ್ತಾಳೇನೋ?"

ಜನ ಓ ಅಂದರು. ಮುಳ್ಳು ಅಂದರೆ ಅದು. ಗಂಟಲಿನ ನಟ್ಟನಡುವೆ. ಒಂದು ಕ್ಷಣ, ಸೋತರೆ ನಾನು ಇಳಿಯಬೇಕಾದ ನೌತಾದ ದೋಣಿಕಟ್ಟೆ ಕಣ್ಣಿಗೆ ಬಂತು. ಆಮೇಲೆ ಆ ಮುಳ್ಳು ಕೆಳಗಿಳಿಯಿತು, ಇಳಿಯುತ್ತಾ ಬೆಚ್ಚಗಾಯಿತು.

"ಕಟ್ತಾಳೆ," ಅಂದೆ. "ನೀನು ಕಟ್ಟಿದ್ದೆ. ನೋವು ಬಂದಾಗೆಲ್ಲ ದಾರ ಎಳ್ದೆ. ಇನ್ನೊಂದ್ಸಲ ನೋವು ಬಂತು, ಇನ್ನೊಂದ್ಸಲ ಎಳ್ದೆ. ಮಗಳು ಹೊರಗೆ ಬರೋ ಹೊತ್ತಿಗೆ ಒಳಗಿದ್ದ ಕೋಳಿ ಉಸಿರು ಬಿಡಕ್ಕಾಗ್ದೆ ಕಲ್ಲಾಗಿತ್ತು. ಅಷ್ಟು ಗಟ್ಟಿ ಯಾಕಾಯ್ತು ಅಂತ ಇಷ್ಟು ದಿನ ನನಗೂ ಗೊತ್ತಿರ್ಲಿಲ್ಲ ಕಣೇ. ಈಗ ನೀನು ಹೇಳ್ದೆ."

ಎವಾರಿಸ್ತೊ ಹಲ್ಲುಕಡ್ಡಿ ನುಂಗಿಬಿಟ್ಟ. ಬೆನ್ನಿಗೆ ಗುದ್ದಿ ಈಚೆಗೆ ತೆಗೆಯಬೇಕಾಯಿತು.

"ಹೊಳೆ ನಿಂತಿದ್ರೆ ಈಗ್ಯಾಕೆ ಹರೀತಿದೆ?" ತೆಯೊಲಿಂದಾ ಜೋಲಿಯಿಂದ ಇಳಿದೇ ಬಂದಳು, ಸೊಂಟಕ್ಕೆ ಕೈ.

"ಗಮಿಟಾನ ಮೀನೊಂದು ಬಂದು ದಾರ ಕಡೀತು. ಅದಕ್ಕೆ ಮನುಷ್ಯರ ಥರ ದವಡೆಹಲ್ಲು ಅಲ್ವಾ."

"ಸುಳ್ಳು. ಗಮಿಟಾನ ಹಣ್ಣು ಕಾಯಿ ತಿನ್ನೋ ಮೀನು. ಕೋಳಿ ತಿನ್ನಲ್ಲ."

"ಕೋಳಿ ಮುಟ್ಲಿಲ್ಲ. ಆಲಿವ್ ಕಾಯಿ ಒಂದು ತಿಂದು, ಬೀಜ ಉಗಿದು, ಹೋಯ್ತು. ಆದ್ರೆ ಬಿರಡೆ ಬಿಚ್ಚಿತ್ತಲ್ಲ. ತಡೆದು ನಿಂತಿದ್ದ ನೀರೆಲ್ಲ ಒಟ್ಟಿಗೆ ನುಗ್ತು. ನಮ್ಮ ಲಾಂಚು ಅದರ ಮೇಲೆ ಕೂತು ಎಂಥ ಓಟ ಓಡ್ತು ಅಂದ್ರೆ, ಯೂರಿಮಾಗ್ವಾಸ್ ಬಿಡೋಕೆ ಮುಂಚೇನೇ ನೌತಾ ಮುಟ್ಟಿಬಿಟ್ಟಿದ್ವಿ. ಕಟ್ಟೆ ಮೇಲೆ ಹಗ್ಗ ಹಿಡಿಯೋಕೆ ಒಬ್ಬ ನಿಂತಿದ್ದ. ಯಾರು ಅಂತ ನೋಡಿದ್ರೆ, ನಾನೇ. ನಾನೇ ಎಸೆದೆ, ನಾನೇ ಹಿಡ್ಕೊಂಡೆ."

"ಹಂಗಾದ್ರೆ ನಿಮ್ಮಿಬ್ರಲ್ಲಿ ಇನ್ನೊಬ್ಬ ಎಲ್ಲಿ?"

"ಇನ್ನೂ ಅಲ್ಲೇ ಹಗ್ಗ ಹಿಡ್ಕೊಂಡು ನಿಂತವ್ನೆ."

"ನಾನು ನೌತಾದವಳು ಕಣೋ, ದಿನಾ ಆ ಕಟ್ಟೆ ಮೇಲೆ ಕೂರ್ತೀನಿ. ಯಾರೂ ಇಲ್ಲ ಅಲ್ಲಿ."

"ನೀನು ಬುಟ್ಟಿ ಹೊತ್ಕೊಂಡು ಬರೋದು ಕಂಡ ಕೂಡ್ಲೆ ಓಡಿಹೋಗ್ತಾನೆ. ಒಂದ್ಸಲ ಸುಳಿಗೆ ಆದ ಗತಿ ಅವನು ಕಣ್ಣಾರೆ ಕಂಡವ್ನೆ."

ಆ ನಗು ಎಷ್ಟು ಜೋರಾಗಿತ್ತೆಂದರೆ ಲಾಂಚು ಒಂದು ಮಗ್ಗುಲಿಗೆ ವಾಲಿತು. ಎಡೆಲ್ಮಿರಾ ಕಣ್ಣು ಒರೆಸಿಕೊಳ್ಳುತ್ತಾ ಬಂದು, ಕಂಬಕ್ಕೆ ಕಟ್ಟಿದ್ದ ಸ್ಪೀಕರಿನ ಹಗ್ಗ ಬಿಚ್ಚಿದಳು. ನಾನು ಗೆದ್ದಿದ್ದೆ, ಕಂಬ ನನ್ನದಾಗಿತ್ತು.

ತೆಯೊಲಿಂದಾ ಮಾತ್ರ ಅಲ್ಲೇ ನಿಂತಿದ್ದಳು. ಕಟ್ಟಳೆಯ ಪ್ರಕಾರ ಜೋಲಿ ಬಿಚ್ಚತೊಡಗಿದಳು. ನಗುತ್ತಿದ್ದಳು, ಹೌದು, ನಾನು ಕಂಡೆ. ಆಮೇಲೆ ಏನೋ ನೆನಪಾದ ಹಾಗೆ ಆ ನಗು ನಿಂತಿತು. ತುಟಿಯ ಮೇಲೆ ಬೆರಳಿಟ್ಟುಕೊಂಡಳು.

"ಎಷ್ಟು ಸಲ ಅಂದೆ ನಾನು?" ಅಂತ ಮೆಲ್ಲಗೆ ಕೇಳಿದಳು.

"ಯಾವ್ದು?"

"ಆ ಮಾತು."

ನಾನು ಎರಡು ಬೆರಳು ಎತ್ತಿ ತೋರಿಸಿದೆ.

"ನೀನು ಬೇಕು ಬೇಕಂತ್ಲೇ ಬಾಳೆ ಎಲೆ ಅಂದೆ ಅಲ್ವಾ?"

"ನಿನ್ನ ಬಿಟ್ರೆ ನನಗೆ ಕತೆ ಬರಲ್ಲ ಕಣೇ."

"ಅದನ್ನ ಹಂಗೇ ನೇರವಾಗಿ ಹೇಳಿದ್ರೆ ಪಾದ್ರಿ ಹತ್ರ ಅಪ್ಪಣೆ ಕೇಳ್ಕೊಂಡು ಬರ್ತಿದ್ದೆ," ಅಂದಳು. "ಇಷ್ಟು ಜನರ ಮುಂದೆ ನನ್ನ ಆಣೆ ಮುರಿಸ್ದೆ. ಇರ್ಲಿ. ನಿನ್ನ ಕಂಬ ಉಳೀತಲ್ಲ, ಅದನ್ನೇ ತಬ್ಕೊಂಡು ಕೂತ್ಕೊ."

ನೌತಾದಲ್ಲಿ ಬುಟ್ಟಿ ತಲೆಯ ಮೇಲೆ ಹೊತ್ತು ಇಳಿದು ಹೋದಳು. ತಿರುಗಿ ನೋಡಲಿಲ್ಲ. ಈಗ ಬೇರೆ ಲಾಂಚಿನಲ್ಲಿ ಓಡಾಡುತ್ತಾಳೆ. ಅಲ್ಲಿ ಕತೆ ಹೇಳುವವನು ಒಬ್ಬ ಸಪ್ಪೆ ಮನುಷ್ಯ. ಈಚೆಗೆ ಅವನ ಕತೆಗಳು ಬಹಳ ಚೆನ್ನಾಗಿವೆ ಅಂತ ಕೇಳಿದೆ. ಕೇಳಿದಾಗಿನಿಂದ ನನಗೆ ಮತ್ತೆ ಕೂತಲ್ಲಿ ಕೂರಲಾಗುತ್ತಿಲ್ಲ. ಕಂಬಕ್ಕೆ ಒರಗಿದರೆ ಬೆನ್ನು ತುರಿಸುತ್ತದೆ. ಅಟ್ಟದ ಮೇಲೆ ತೂಗುವವರೆಲ್ಲ ಒಳ್ಳೆಯ ಜನ. ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಅವರನ್ನು ಕಂಡರೆ ನನಗೆ ಈರುಳ್ಳಿ ಬುಟ್ಟಿಯ ಮೇಲೆ ಕೂತ ಮೇಷ್ಟ್ರ ನೆನಪಾಗುತ್ತದೆ.

ನೀವೂ ಇಷ್ಟು ಹೊತ್ತು ತಲೆಯಾಡಿಸಿಕೊಂಡೇ ಕೂತಿದ್ದೀರಿ. ಒಂದು ಸಲವಾದರೂ ಬಾಯಿ ಬಿಟ್ಟಿರಾ? ಡಾಲ್ಫಿನ್ ಟೋಪಿ ಹಾಕಿದ್ದೂ ನಂಬಿದಿರಿ, ಪಾದ್ರಿ ಆಣೆ ಹಾಕಿಸಿದ್ದೂ ನಂಬಿದಿರಿ. ಈ ಕತೆಯಲ್ಲಿ ಒಂದು ಕಡೆ ನನ್ನ ಕೈ ಜಾರಿದೆ. ಎಲ್ಲಿ ಅಂತ ನಾನು ಹೇಳುವುದಿಲ್ಲ. ಹುಡುಕಿ ತೆಗೆದು ನನ್ನ ಗಂಟಲಿಗೆ ಹಾಕಿ. ಆಗುವುದಿಲ್ಲ ಅಂದರೆ ಏಳಿ ಮತ್ತೆ, ನೀವು ಕೂತ ಆ ಜೋಲಿ ಬಿಚ್ಚಿ ಕೊಡಿ. ಬಾಳೆಗೊನೆ ಕೆಳಗಿನ ಅಟ್ಟದಲ್ಲಿದೆ, ಏಣಿ ಎಡಗಡೆ.